ದಾಸನ ಕಣ್ಣು, ನಾಗಿಯ ಕಾಯಿ

ಧಾರೇಶ್ವರದ ಕಡಲ ಬದಿಯ ನಮ್ಮ ಕೇರಿಯಲ್ಲಿ ನಾಗಿ ಯಾರು ಎಂದು ಕೇಳಿದರೆ ಅವಳ ಬಗ್ಗೆ ಯಾರೂ ಹೇಳುವುದಿಲ್ಲ, ಅವಳ ಗಂಡನ ಕಣ್ಣಿನ ಕಥೆ ಹೇಳುತ್ತಾರೆ. ಸಮುದ್ರ ಮುನಿದು ದಾಸನನ್ನು ಬಂಡೆಗೆ ಅಪ್ಪಳಿಸಿತಂತೆ, ಕಣ್ಣು ಓರೆಯಾಯಿತಂತೆ, ಮಂಗಳೂರಿನ ಡಾಕ್ಟರು ಮೂಗಿನೊಳಗಿಂದ ಹೋಗಿ ಅದನ್ನು ನೆಟ್ಟಗೆ ಮಾಡಿದರಂತೆ. ಇದರಲ್ಲಿ ಕಣ್ಣು, ಮೂಗಿನ ಮಾತು ನಿಜ. ಸಮುದ್ರದ ಮಾತು ಸುಳ್ಳೆಂದು ಈಗ ಎಲ್ಲರಿಗೂ ಗೊತ್ತು. ಆದರೂ ಅರ್ಧ ಕೇರಿ ಹಾಗೇ ಹೇಳುತ್ತದೆ, ಯಾಕೆಂದರೆ ಆ ಸುಳ್ಳನ್ನು ನಂಬಿ ಇವರೆಲ್ಲ ಸಮುದ್ರಕ್ಕೆ ಬುಟ್ಟಿಗಟ್ಟಲೆ ತೆಂಗಿನಕಾಯಿ ಒಡೆದಿದ್ದರು. ಒಡೆದ ಕಾಯಿ ವ್ಯರ್ಥವಾಯಿತು ಎಂದು ಒಪ್ಪಿಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ?

ನಾನು ಹೊಲಿಗೆಯವಳು. ನನ್ನ ಮನೆಗೂ ನಾಗಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹೊಲಿಗೆ ಯಂತ್ರ ನಿಲ್ಲಿಸಿದರೆ ಆಚೆ ಮನೆಯ ಉಸಿರೂ ಕೇಳುತ್ತದೆ. ಕೇಳಿ ಕೇಳಿ ನನಗೆ ರೋಸಿಹೋಗಿತ್ತು.

ನಾಗಿ ಹೊನ್ನಾವರದ ಕಡೆಯವಳು, ಶರಾವತಿಯ ಅಳಿವೆಯ ಹತ್ತಿರ ಹುಟ್ಟಿದವಳು. ಹುಡುಗಿಯಾಗಿದ್ದಾಗಲೇ ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬಸ್ಸಿನವರ ಕೈಲಿ ಬೈಸಿಕೊಂಡು, ಅವರಿಗೆ ತಿರುಗಿ ಬೈದು ಬೆಳೆದವಳು. ಮದುವೆಯಾಗಿ ಬಂದ ವರ್ಷ ಅವಳ ನಗು ನಾಲ್ಕು ಮನೆಗೆ ಕೇಳುತ್ತಿತ್ತು. ಆಮೇಲೆ ಕೇಳಿದ್ದು ಬೇರೆ.

ದಾಸ ಮುಳುಗುವವನು. ಮಳೆಗಾಲ ಕಳೆದು ಸಮುದ್ರ ತಿಳಿಯಾದ ಮೇಲೆ, ನೀರಿನಡಿ ಬಂಡೆಗೆ ಕಚ್ಚಿಕೊಂಡಿರುವ ನೀಲಿಕಲ್ಲು ಎಂಬ ತಿನ್ನುವ ಚಿಪ್ಪುಗಳನ್ನು ಗಿಡ್ಡ ಹಾರೆಯಿಂದ ಮೀಟಿ ತೆಗೆಯುವುದು ಅವನ ಕೆಲಸ. ಭಟ್ಕಳದ ತನಕ ಅವನಷ್ಟು ಹೊತ್ತು ಉಸಿರು ಹಿಡಿಯುವವರು ಇಲ್ಲ ಎನ್ನುತ್ತಿದ್ದರು. ಉಸಿರು ಹಿಡಿಯಬಲ್ಲವನಿಗೆ ಕೈ ಹಿಡಿತದಲ್ಲಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಏಟು, ಕಡಿಮೆಯಾದರೆ ಏಟು, ಸರಿಯಾಗಿದ್ದರೆ ಇವತ್ತೇನು ವಿಶೇಷ ಎಂದು ಏಟು. ಹುಟ್ಟಿನ ಕೋಲಿನಿಂದ ಹೊಡೆದ, ಹಗ್ಗದಿಂದ ಹೊಡೆದ, ಒದ್ದ. ನಾಗಿಯ ಮೊದಲ ಬಸುರು ನಡುವಿನಲ್ಲೇ ರಕ್ತವಾಗಿ ಇಳಿದುಹೋಯಿತು. ಕುಮಟೆಯ ಆಸ್ಪತ್ರೆಯಲ್ಲಿ ಕೇಳಿದಾಗ ಜಾರಿ ಬಿದ್ದೆ ಎಂದಳು. ಆಮೇಲೆ ಹಲ್ಲು ಮುರಿದಾಗ, ಕಿವಿಯಲ್ಲಿ ಕೀವು ಸುರಿದಾಗ, ಪ್ರತಿ ಸಲವೂ ಜಾರಿಯೇ ಬಿದ್ದಳು. ನಮ್ಮ ಕೇರಿಯ ನೆಲ ಅಷ್ಟೊಂದು ಜಾರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಗೋಡೆ ಗುದ್ದಿ ಕೂಗುತ್ತಿದ್ದೆ, ಎಷ್ಟೋ ಸಲ ಒಳಗೆ ನುಗ್ಗಿ ನಡುವೆ ನಿಂತಿದ್ದೇನೆ. ಕೇರಿಯ ಹಿರಿಯರಿಗೆ ದೂರು ಹೇಳಿದರೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿ ಎಲೆಯಡಿಕೆಯ ಕವಳ ಜಗಿದರು. ಉಂಡು ಮಲಗುವಾಗ ಕೂಡ ಅವಳು ಯಾವ ಮಗ್ಗುಲಿಗೆ ಮಲಗಬೇಕು ಎಂದು ಹುಡುಕುತ್ತಿದ್ದಳು, ನೋವಿಲ್ಲದ ಮಗ್ಗುಲು ಸಿಗದೆ. ಅದು ಗಾದೆಯಲ್ಲಿಲ್ಲ.

ಅಪ್ಪ ಸತ್ತ ಮೇಲೆ ನಾಗಿಯ ತಮ್ಮ ವಿನೋದ ಅಕ್ಕನ ಊರಿಗೇ ಬಂದ. ಮದುವೆಯಾಗಿ ಎರಡು ಮನೆ ಆಚೆ ಬಿಡಾರ ಮಾಡಿ, ಭಾವನ ಜೊತೆ ಮುಳುಗಲು ಹೋಗತೊಡಗಿದ. ಮೆದು ಮನುಷ್ಯ. ಅಕ್ಕನ ಮೈಮೇಲಿನ ಬಾಸುಂಡೆ ಕಂಡು ಒಮ್ಮೆ ಭಾವನ ಅಂಗಿ ಹಿಡಿದಿದ್ದ. ದಾಸ ಅವನನ್ನು ಮರಳಿನ ಮೇಲೆ ಕೆಡವಿ, ಮೂಗುಬಾಯಿಗೆ ಮರಳು ತುಂಬುವ ತನಕ ಕುತ್ತಿಗೆ ಒತ್ತಿ ಹಿಡಿದ. ನಾಲ್ಕು ಜನ ಸೇರಿ ಬಿಡಿಸಬೇಕಾಯಿತು. ಮಾರನೇ ದಿನ ಇಬ್ಬರೂ ಒಂದೇ ದೋಣಿಯಲ್ಲಿ ಹೋದರು. ದೋಣಿ ಇದ್ದದ್ದು ಒಂದೇ.

ನೀಲಿಕಲ್ಲಿನ ಸುಗ್ಗಿ ಆರಂಭಿಸುವ ದಿನ, ಮೊದಲ ಸಲ ಮುಳುಗುವ ಮುಂಚೆ ಬಂಡೆಗೆ ಒಂದು ಕಾಯಿ ಒಡೆಯುವುದು ನಮ್ಮ ಕೇರಿಯ ರೂಢಿ. ಆ ಕಾಯಿಯನ್ನು ಮನೆಯ ಹೆಂಗಸೇ ಸುಲಿದು, ತೊಳೆದು ಇಡಬೇಕು. ಹಿಂದಿನ ದಿನ ಮುಸ್ಸಂಜೆ ನಾಗಿ ಕಾಯಿ ಸುಲಿದು ಒಲೆಯ ಪಕ್ಕ ಇಟ್ಟಿದ್ದಳು. ದಾಸ ಕುಡಿದು ಬಂದ. ಹಾರೆಯ ತುದಿಗೆ ಸಾಣೆ ಹಿಡಿಸಿ ತರಲಿಲ್ಲ ಎಂದು ಶುರುವಾಯಿತು. ಅವಳ ಜುಟ್ಟು ಹಿಡಿದು ಬಗ್ಗಿಸಿ ಮುಖವನ್ನು ಒಲೆಯ ಕಡೆಗೆ ಒತ್ತಿದ. ಕೂದಲು ಸುಟ್ಟ ವಾಸನೆ ನನ್ನ ಮನೆಗೆ ಬಂತು. ನಾನು ಓಡಿ ಹೋಗಿ ಬಾಗಿಲಲ್ಲಿ ನಿಲ್ಲುವುದಕ್ಕೂ, ತಡಕಾಡುತ್ತಿದ್ದ ನಾಗಿಯ ಕೈಗೆ ಆ ಕಾಯಿ ಸಿಗುವುದಕ್ಕೂ ಸರಿಹೋಯಿತು. ಅವಳು ತಿರುಗಿ ನೋಡಲೂ ಇಲ್ಲ, ಕೈಯನ್ನು ಹಿಂದಕ್ಕೆ ಬೀಸಿದಳು ಅಷ್ಟೆ. ಕಾಯಿ ಒಡೆಯಲಿಲ್ಲ. ದಾಸನ ಎಡಗಣ್ಣಿನ ಹತ್ತಿರ ಒಳಗೆಲ್ಲೋ ಹಪ್ಪಳ ಮುರಿದಂತೆ ಸದ್ದಾಯಿತು. ಅವನು ಕುಕ್ಕರಿಸಿ ಕೂತ. ಮೂಗಿನಿಂದ ರಕ್ತ ದಳದಳ ಸುರಿಯಿತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಅವನು ಆಗ ತಿರುಗಿ ಹೊಡೆಯಲಿಲ್ಲ. ಹೆಂಡತಿಯ ಕೈಲಿ ಪೆಟ್ಟು ತಿಂದದ್ದನ್ನು ಅರಗಿಸಿಕೊಳ್ಳಲು ಅವನಿಗೆ ಹೊತ್ತು ಬೇಕಿತ್ತು. ಬೆಳಿಗ್ಗೆ ಎದ್ದು, ಅದೇ ಕಾಯಿಯನ್ನು ತೆಗೆದುಕೊಂಡು ಹೋಗಿ ಬಂಡೆಗೆ ಒಡೆದ. ಒಂದೇ ಏಟಿಗೆ ಎರಡು ಹೋಳಾಯಿತಂತೆ. ಆಮೇಲೆ ಮುಳುಗಿದ.

ಆಳಕ್ಕೆ ಇಳಿದವರಿಗೆ ಕಿವಿ ಕಟ್ಟುತ್ತದೆ. ಆಗ ಮೂಗು ಹಿಡಿದು, ಬಾಯಿ ಮುಚ್ಚಿ, ಒಳಗಿಂದ ಬಲವಾಗಿ ಊದಿ ಕಿವಿ ಬಿಡಿಸಿಕೊಳ್ಳುತ್ತಾರೆ. ಚಿಕ್ಕಂದಿನಿಂದ ಮಾಡಿ ಮಾಡಿ ಇವರ ಕೈ ಹೇಳದೆಯೇ ಮೂಗಿಗೆ ಹೋಗುತ್ತದೆ. ದಾಸ ಊದಿದ. ಒಡೆದ ಎಲುಬಿನ ಸಂದಿಯಿಂದ ಗಾಳಿ ಮೂಗಿನಿಂದ ಕಣ್ಣಿನ ಗೂಡಿಗೆ ನುಗ್ಗಿತು. ಅವನು ಮೇಲೆ ಬಂದಾಗ ಎಡಗಣ್ಣು ಲಿಂಬೆಹಣ್ಣಿನಷ್ಟು ಊದಿ ರೆಪ್ಪೆ ಮುಚ್ಚಿಹೋಗಿತ್ತು, ಮುಟ್ಟಿದರೆ ಚರ್ಮದಡಿ ಚರಚರ ಎನ್ನುತ್ತಿತ್ತು. ವಿನೋದ ಅವನನ್ನು ದೋಣಿಗೆ ಎಳೆದು ಹಾಕಿಕೊಂಡು ದಡಕ್ಕೆ ತಂದ. ದಡದಲ್ಲಿದ್ದವರು ಕೇಳಿದಾಗ ದಾಸ, ಅಲೆ ಎತ್ತಿ ಬಂಡೆಗೆ ಹಾಕಿತು ಎಂದ. ಅಷ್ಟು ವರ್ಷ ಹೆಂಡತಿ ಹೇಳುತ್ತಿದ್ದ ಸುಳ್ಳು ಅವತ್ತು ಗಂಡನ ಪಾಲಿಗೆ ಬಂತು.

ಕೇರಿ ನಂಬಿತು. ಕಾಯಿ ಒಡೆದ ಕೂಡಲೇ ಹೀಗಾಗಿದೆ ಎಂದರೆ ಸಮುದ್ರ ಆ ಕಾಯಿಯನ್ನು ಒಲ್ಲೆ ಎಂದಿದೆ ಎಂದು ಹಿರಿಯರು ತೀರ್ಮಾನಿಸಿದರು. ಮುಳುಗುವವರ ಮನೆಮನೆಯಿಂದ ಕಾಯಿ ಬಂದವು. ಬಂಡೆಯ ಮೇಲೆ ಸಾಲಾಗಿ ನಿಂತು ಒಡೆದದ್ದೇ ಒಡೆದದ್ದು. ಕಾಯಿಯ ಪೆಟ್ಟಿಗೆ ಕಾಯಿಯದೇ ಮದ್ದು. ನಾಗಿಯೂ ಸೆರಗು ಹೊದ್ದು ಒಂದು ಕಾಯಿ ಕೊಟ್ಟು ಬಂದಳು. ದಾರಿಯಲ್ಲಿ ನನ್ನ ಮುಖ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು.

ಹೊನ್ನಾವರದ ಡಾಕ್ಟರು ನೋಡಿ, ಕಣ್ಣಿನ ಗೂಡಿನ ಎಲುಬು ಒಡೆದಿದೆ, ಮೂಗು ಊದಲೇಬೇಡ, ಈ ವಾರವೇ ಮಂಗಳೂರಿಗೆ ಹೋಗು ಎಂದಿದ್ದರು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದವರು ದೊಡ್ಡ ಆಸ್ಪತ್ರೆಗೆ ಜಿಲ್ಲೆ ದಾಟಿಯೇ ಹೋಗಬೇಕು. ದಾಸ ಹೋಗಲಿಲ್ಲ. ಅಲ್ಲಿ ಪೊಲೀಸರು ಬಂದು ಯಾರು ಹೊಡೆದದ್ದು ಎಂದು ಕೇಳುತ್ತಾರೆ ಎಂದು ಯಾರೋ ಹೇಳಿದ್ದರು. ಸಾಯುತ್ತೇನೆ, ಆದರೆ ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ ಎಂಬ ಹಟ. ಊತ ಇಳಿಯಿತು, ಕಣ್ಣು ಉಳಿಯಿತು. ಆದರೆ ಎಡಗಣ್ಣಿನ ಗುಡ್ಡೆ ಮೂಗಿನ ಕಡೆಗೆ ವಾಲಿ ನಿಂತುಬಿಟ್ಟಿತು, ಹೊರಗಡೆಗೆ ಹೊರಳುತ್ತಲೇ ಇರಲಿಲ್ಲ. ಅವನಿಗೆ ಎಲ್ಲವೂ ಎರಡೆರಡು ಕಾಣತೊಡಗಿತು. ಎರಡು ದೋಣಿ, ಎರಡು ಬಾಗಿಲು, ಇಬ್ಬರು ನಾಗಿಯರು.

ಅವನ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ಏಟು ಮಾತ್ರ ತಪ್ಪತೊಡಗಿತು. ಇಬ್ಬರಲ್ಲಿ ಯಾರಿಗೆ ಹೊಡೆಯಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಒಂದು ಕಣ್ಣು ಮುಚ್ಚಿಕೊಂಡು ಗುರಿ ನೋಡುವಷ್ಟು ತಾಳ್ಮೆ ಸಿಟ್ಟಿಗೆ ಇರುವುದಿಲ್ಲ. ಒಂದು ದಿನ ಇಲ್ಲದ ನಾಗಿಯ ಮುಖಕ್ಕೆ ಗುದ್ದಿದ. ಗುದ್ದು ಬಾಗಿಲ ಚೌಕಟ್ಟಿಗೆ ಬಿದ್ದು ಬೆರಳ ಗೆಣ್ಣು ಒಡೆಯಿತು. ಇನ್ನೊಂದು ದಿನ ಬೀಸಿದ ಕೋಲು ನೀರಿನ ಕೊಡಕ್ಕೆ ತಾಗಿತು. ಒಮ್ಮೊಮ್ಮೆ ಏಟು ಅವಳಿಗೂ ಸಿಗುತ್ತಿತ್ತು, ಆದರೆ ಮೊದಲಿನಂತೆ ಮೂಳೆಗೆ ನಾಟುತ್ತಿರಲಿಲ್ಲ. ನಾಗಿಯ ಕೆನ್ನೆ ತುಂಬಿಕೊಂಡಿತು. ಒಂದು ಮಧ್ಯಾಹ್ನ ನನ್ನ ಜಗಲಿಯಲ್ಲಿ ಚಿಪ್ಪು ಬಿಡಿಸುತ್ತ ಕೂತವಳು ಅಂದಳು, “ಅರ್ಚನಕ್ಕ, ಈಗ ನಾವು ಇಬ್ರು ಇದ್ದಂಗೆ. ಒಬ್ಳು ಏಟು ತಿಂತದೆ, ಒಬ್ಳು ಗಂಜಿ ಕುಡೀತದೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಕಣ್ಣು ಹಾಗೇ ಇರಲಿ ದೇವರೇ ಎಂದು ನಾನು ಧಾರೇಶ್ವರನಿಗೆ ಕೈ ಮುಗಿದದ್ದೂ ಉಂಟು.

ದೇವರು ಕೇಳಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ದಾಸ ಮತ್ತು ವಿನೋದ ಒಂದೇ ಬಂಡೆಯ ಅಡಿಗೆ ಇಳಿದಿದ್ದರು. ಮುಳುಗಬೇಡ ಎಂದು ಎಷ್ಟು ಜನ ಹೇಳಿದರೂ ದಾಸ ಕೇಳಿರಲಿಲ್ಲ. ಚಿಪ್ಪಿನ ಗೊಂಚಲೆಂದು ಅವನು ಹಾರೆ ಹಾಕಿದ್ದು ವಿನೋದನ ಕೈಗೆ. ವಿನೋದ ಮೇಲೆ ಬಂದಾಗ ಸುತ್ತಲ ನೀರು ಕೆಂಪಾಗಿತ್ತು. ಬಲಗೈಯ ಎರಡು ಬೆರಳುಗಳ ತುದಿ ಬಂಡೆಯ ಮೇಲೇ ಉಳಿಯಿತು. ಅವನನ್ನು ದಡಕ್ಕೆ ತಂದಾಗ ನಾಗಿ ತನ್ನ ಸೆರಗು ಹರಿದು ಆ ಕೈಗೆ ಸುತ್ತಿದಳು. ದಾಸ ಪಕ್ಕದಲ್ಲೇ ನಿಂತು, ಕೈ ಅಲ್ಲಿ ಇಟ್ಟದ್ದು ಯಾರ ತಪ್ಪು ಎಂದು ಕೂಗಾಡುತ್ತಿದ್ದ.

ಅವತ್ತಿನಿಂದ ನಾಗಿಯ ನಗು ನಿಂತಿತು. ಅವಳ ಲೆಕ್ಕ ಸರಳವಾಗಿತ್ತು. ಗಾಯ ಮಾಗಿದ ಮೇಲೆ ವಿನೋದ ಮತ್ತೆ ಅದೇ ದೋಣಿ ಹತ್ತುತ್ತಾನೆ, ಬೇರೆ ಬದುಕು ಅವನಿಗೂ ಇಲ್ಲ. ಮುಂದಿನ ಸಲ ಹಾರೆ ಕೈಗೆ ಬೀಳುತ್ತದೋ ಕುತ್ತಿಗೆಗೋ ಯಾರಿಗೆ ಗೊತ್ತು? ದಾಸನ ಕಣ್ಣು ನೆಟ್ಟಗಾದರೆ ತಮ್ಮ ಉಳಿಯುತ್ತಾನೆ. ಆದರೆ ನೆಟ್ಟಗಾದ ಕಣ್ಣು ಮನೆಗೂ ಬರುತ್ತದೆ. ಹೋಗಬೇಡ, ಅವನು ಹಾಗೇ ಕೊಳೆಯಲಿ ಎಂದು ನಾನು ಹೇಳಿದೆ. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಬಂದು, ಮಂಗಳೂರಿಗೆ ಜೊತೆಗೆ ಬಾ ಎಂದಳು. ದಾಸನನ್ನು ಒಪ್ಪಿಸಿದ್ದು ನಾವಲ್ಲ. ಉಳಿದ ಮುಳುಗುವವರು, ಕಣ್ಣು ಸರಿಮಾಡಿಸಿಕೊಳ್ಳದೆ ನೀರಿಗೆ ಇಳಿದರೆ ನಿನ್ನ ದೋಣಿ ಒಡೆಯುತ್ತೇವೆ ಎಂದಿದ್ದರು.

ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಿದವರು ಪ್ರಿಯಂವದಾ ಎಂಬ ಕಣ್ಣಿನ ಡಾಕ್ಟರು. ತಲೆಯ ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ತೋರಿಸಿದರು. ಕಣ್ಣಿಗೂ ಮೂಗಿಗೂ ನಡುವಿನ ಎಲುಬು ಎಲ್ಲರಿಗೂ ಕಾಗದದಷ್ಟು ತೆಳುವಂತೆ. ಅದು ಬಿರಿದಿದೆ. ಕಣ್ಣಿನ ಗುಡ್ಡೆಯನ್ನು ಆಚೀಚೆ ಎಳೆಯುವ ಸ್ನಾಯುಗಳಲ್ಲಿ ಮೂಗಿನ ಬದಿಯದು ಆ ಬಿರುಕಿಗೆ ಸಿಕ್ಕಿಕೊಂಡಿದೆ. ಬಾಗಿಲ ಸಂದಿಗೆ ಸೆರಗು ಸಿಕ್ಕಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ. ಎಷ್ಟು ಎಳೆದರೂ ಬಾರದು. ಆ ವಾರವೇ ಬಂದಿದ್ದರೆ ಸುಲಭವಿತ್ತು, ಈಗ ಅಲ್ಲೇ ಅಂಟಿಕೊಂಡು ಗಟ್ಟಿಯಾಗಿದೆ, ಆದರೂ ಪ್ರಯತ್ನಿಸಬಹುದು ಎಂದರು. ಮುಖ ಕೊಯ್ಯುವುದಿಲ್ಲವಂತೆ. ಮೂಗಿನ ಹೊಳ್ಳೆಯಿಂದ ಕ್ಯಾಮೆರಾ ಇರುವ ಸಪೂರ ಕೊಳವೆ ಒಳಗೆ ಬಿಟ್ಟು, ಮೂಗಿನ ಡಾಕ್ಟರು ಎಲುಬಿನ ಚೂರು ತೆಗೆದು ಸ್ನಾಯುವನ್ನು ಬಿಡಿಸುತ್ತಾರೆ, ಬಿರುಕಿಗೆ ತೆಳುವಾದ ಹಾಳೆ ಇಡುತ್ತಾರೆ, ಕಣ್ಣಿನವರು ಪಕ್ಕದಲ್ಲಿ ನಿಂತು ಗುಡ್ಡೆ ಹೊರಳುತ್ತದೋ ಎಂದು ನೋಡುತ್ತಾರೆ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತಾಯಿತಲ್ಲ ಎಂದು ನಾನು ಅಂದೆ. ಆ ಗೋಡೆಗೆ ಅದೇ ಹತ್ತಿರದ ದಾರಿ ಎಂದು ಡಾಕ್ಟರು ನಕ್ಕರು.

ಆಮೇಲೆ ಹೇಗೆ ಪೆಟ್ಟಾಯಿತು ಎಂದು ಕೇಳಿದರು. ದಾಸ ಅಲೆ, ಬಂಡೆ ಎಂದ. ಬಂಡೆಗೆ ಬಡಿದಿದ್ದರೆ ಚರ್ಮ ಹರಿಯಬೇಕಿತ್ತು, ಇದು ಏನೋ ದುಂಡಗಿನದು ತಾಗಿದ ಹಾಗಿದೆಯಲ್ಲ ಎಂದರು ಡಾಕ್ಟರು.

“ಅಲೆ ಅಲ್ಲ ಡಾಕ್ಟ್ರಮ್ಮ,” ಎಂದಳು ನಾಗಿ. “ಹೊಡದದ್ದು ನಾನು. ಸುಲಿದ ಕಾಯಿಲಿ.”

ದಾಸ ಕೂತಲ್ಲಿಂದಲೇ ಕೈ ಬೀಸಿದ. ಏಟು ನಾಗಿಯ ಪಕ್ಕದ ಗಾಳಿಗೆ ಬಿದ್ದು, ಮೇಜಿನ ಮೇಲಿದ್ದ ಮಸೂರಗಳ ಪೆಟ್ಟಿಗೆ ನೆಲಕ್ಕೆ ಚೆಲ್ಲಿತು. ಗಾಜು ಚೂರು ಚೂರಾಯಿತು. ಕಾವಲಿನವರು ಬಂದು ಅವನ ಎರಡೂ ತೋಳು ಹಿಡಿದುಕೊಂಡರು. ಡಾಕ್ಟರು ಏನೂ ಕೇಳಬೇಕಾಗಿರಲಿಲ್ಲ, ಎಲ್ಲ ಕಣ್ಣೆದುರೇ ಇತ್ತು.

ಅವರು ನಾಗಿಯನ್ನು ಬೇರೆ ಕೋಣೆಗೆ ಕರೆದು ಕೂರಿಸಿದರು. ದೂರು ಕೊಡಬಹುದು, ಹೆಂಗಸರಿಗೆ ನೆರವಾಗುವವರು ಇದ್ದಾರೆ, ಉಳಿಯಲು ಜಾಗವಿದೆ ಎಂದೆಲ್ಲ ಹೇಳಿದರು. ನಾಗಿ ತಲೆ ತಗ್ಗಿಸಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಕಣ್ಣು ನೆಟ್ಟಗಾದ್ರೆ ಮೊದ್ಲಿನ ಹಂಗೇ ಗುರಿ ಸಿಗ್ತದ್ಯಾ ಅವ್ರಿಗೆ?”

ಡಾಕ್ಟರಿಗೆ ಅದು ಯಾವ ಗುರಿ ಎಂದು ಅರ್ಥವಾಯಿತು. ಸಿಗುತ್ತದೆ ಎಂದರು.

“ಆತು. ಕಣ್ಣು ಮಾಡಿ. ನನ್ನ ತಮ್ಮನ ಜೀವ ಉಳೀಲಿ. ನಂದು ನಾ ನೋಡ್ಕಂತೆ.”

ಪೊಲೀಸರು ಬಂದು ದಾಸನನ್ನು ಕೇಳಿದರು. ಅವನು ಅಲೆ ಎಂದು ಬರೆಸಿದ. ನಾಗಿ ದೂರು ಕೊಡಲಿಲ್ಲ, ನನಗೆ ಅವಳ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಶಸ್ತ್ರಕ್ರಿಯೆ ಬಹಳ ಹೊತ್ತು ನಡೆಯಿತು. ಮಾರನೇ ದಿನ ಒಳಗೆ ತೆಗೆದ ವಿಡಿಯೋವನ್ನು ಡಾಕ್ಟರು ನಮಗೆ ತೋರಿಸಿದರು. ಕೆಂಪು ಗುಹೆಯೊಳಗೆ ಚಿಮಟಿಗೆಯೊಂದು ಎಲುಬಿನ ಪರೆಯನ್ನು ಕಿತ್ತು ಕಿತ್ತು ತೆಗೆಯುತ್ತಿತ್ತು. ರಕ್ತ ಜಿನುಗುತ್ತಿತ್ತು, ಒರೆಸುತ್ತಿದ್ದರು. ಕಡೆಗೆ ಸಿಕ್ಕಿಕೊಂಡಿದ್ದ ಸ್ನಾಯು ಹಸಿ ಮಾಂಸದ ಎಳೆಯಂತೆ ಬಿಡಿಸಿಕೊಂಡು ಹಿಂದೆ ಸರಿಯಿತು. ನಾನು ಮುಖ ತಿರುಗಿಸಿದೆ. ನಾಗಿ ರೆಪ್ಪೆ ಬಡಿಯದೆ ನೋಡಿದಳು. ತನ್ನನ್ನು ಅಷ್ಟು ವರ್ಷ ಜಜ್ಜಿದವನ ತಲೆಯ ಒಳಗನ್ನು ಅವಳು ನೋಡುತ್ತಿದ್ದಳು. “ಇಷ್ಟೇಯಾ ಒಳಗೆ?” ಎಂದಳು.

ಬಿಡುಗಡೆಯ ದಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಮೂಗು ಹಿಡಿದು ಊದಬಾರದು, ತಾವು ಹೇಳುವ ತನಕ ಮುಳುಗಬಾರದು. ಆಮೇಲೆ ನಾಗಿಯ ಕಡೆಗೆ ನೋಡಿಕೊಂಡೇ ದಾಸನಿಗೆ ಇನ್ನೊಂದು ಮಾತು ಹೇಳಿದರು. ಆ ಕಣ್ಣಿಗೆ ಮತ್ತೊಂದು ಪೆಟ್ಟು ಬಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ. ದಾಸ ಕಣ್ಣು ಹೊರಳಿಸುತ್ತ ಬಾಗಿಲು, ಕಿಟಕಿ, ಹೆಂಡತಿ ಎಲ್ಲವನ್ನೂ ಒಂದೊಂದೇ ಕಂಡು ಖುಷಿಯಲ್ಲಿದ್ದ. ತೀರಾ ಓರೆಯಾಗಿ ನೋಡಿದರೆ ಮಾತ್ರ ಇನ್ನೂ ಎರಡು ಕಾಣುತ್ತಿತ್ತಂತೆ. ಸಮುದ್ರ ಮುನಿಸು ಬಿಟ್ಟಿತು ಎಂದು ಕೇರಿ ಇನ್ನೊಂದು ಸುತ್ತು ಕಾಯಿ ಒಡೆಯಿತು.

ಆ ಖುಷಿ ಹೆಚ್ಚು ದಿನ ಬಾಳಲಿಲ್ಲ. ಡಾಕ್ಟರ ಕೋಣೆಯ ಹೊರಗೆ ಸರತಿಯಲ್ಲಿ ಕೂತು ನಾಗಿ ಹೇಳಿದ್ದನ್ನು ಕೇಳಿಸಿಕೊಂಡವರಲ್ಲಿ ನಮ್ಮ ಕಡೆಯ ಹೊಳನಗದ್ದೆ ಊರಿನ ಯಾರೋ ಇದ್ದರಂತೆ. ಮಾತು ಕುಮಟೆಯ ಮೀನುಪೇಟೆಗೆ ಬಂತು, ಅಲ್ಲಿಂದ ನಮ್ಮ ದಡಕ್ಕೆ ಬರಲು ಎಷ್ಟು ಹೊತ್ತು? ಒಂದು ಬೆಳಿಗ್ಗೆ ಬಲೆ ಸರಿಮಾಡುತ್ತಿದ್ದ ಗಂಡಸರು ದಾಸನನ್ನು ಕಂಡು, ಈ ಸಲ ಸಮುದ್ರಕ್ಕೆ ಕಾಯಿ ಕೊಡುವುದೋ ನಾಗಿಗೆ ಕೊಡುವುದೋ ಎಂದು ಕೇಳಿದರು. ಎಲ್ಲರೂ ನಕ್ಕರು. ಅಷ್ಟು ವರ್ಷ ನಾಗಿಯ ಕೂಗು ಕೇಳಿಸದ ಈ ಕಿವಿಗಳಿಗೆ ಈ ತಮಾಷೆ ಮಾತ್ರ ಚೆನ್ನಾಗಿ ಕೇಳಿಸಿತ್ತು.

ದಾಸ ದಡದಿಂದ ನೇರ ಮನೆಗೆ ಬಂದ. ಮಟಮಟ ಮಧ್ಯಾಹ್ನ. ನಾಗಿ ಅಂಗಳದಲ್ಲಿ ಕೂತು ಪೇಟೆಗೆ ಒಯ್ಯಬೇಕಾದ ಚಿಪ್ಪು ಬಿಡಿಸುತ್ತಿದ್ದಳು. ನಾನು ಯಂತ್ರ ನಿಲ್ಲಿಸಿ ಹೊರಗೆ ಬರುವುದರೊಳಗೆ ಅವನ ಕೈ ಬೀಸಿ ಆಗಿತ್ತು. ಈ ಸಲ ತಪ್ಪಲಿಲ್ಲ. ಕೆನ್ನೆಯ ಮೇಲೆ ನಟ್ಟನಡುವಿಗೆ ಬಿತ್ತು. ನಾಗಿ ಚಿಪ್ಪಿನ ರಾಶಿಯ ಮೇಲೆ ಮಗುಚಿ ಬಿದ್ದಳು. ಮೊಣಕೈ ಹರಿಯಿತು, ತುಟಿ ಸೀಳಿತು. ಅವನು ಇನ್ನೊಂದಕ್ಕೆ ಕೈ ಎತ್ತಿದ. ಬೇಲಿಯಾಚೆ ಜನ ನಿಂತು ನೋಡುತ್ತಿದ್ದರು. ನಾನು ಕತ್ತರಿ ಹಿಡಿದುಕೊಂಡೇ ಓಡಿದೆ.

ನನ್ನ ಕತ್ತರಿ ಬೇಕಾಗಲಿಲ್ಲ. ನಾಗಿ ಎದ್ದಳು. ಓಡಲಿಲ್ಲ, ಪಕ್ಕಕ್ಕೆ ವಾಲಲೂ ಇಲ್ಲ. ಬಾಗಿಲ ಸಂದಿಗೆ ಕೈ ಹಾಕಿ ಒಂದು ಸುಲಿದ ಕಾಯಿ ತೆಗೆದಳು. ಯಾವತ್ತು ಅಲ್ಲಿ ತಂದಿಟ್ಟಿದ್ದಳೋ ನನಗೂ ತಿಳಿಯದು. ಕಾಯಿಯನ್ನು ಅದರ ಜುಟ್ಟಿನ ಕಡೆ ಹಿಡಿದು, ಅವನ ಎಡಗಣ್ಣಿನ ನೇರಕ್ಕೆ ಎತ್ತಿದಳು. ಮೊದಲ ಸಲದ ಹಾಗೆ ಕುರುಡಾಗಿ ಬೀಸುವ ಕೈ ಅಲ್ಲ ಅದು. ನಿಧಾನವಾಗಿ ನೋಡಿಕೊಂಡು, ಜಾಗ ಗೊತ್ತುಮಾಡಿಕೊಂಡು ಎತ್ತಿದ ಕೈ.

“ಈಗ ನಾ ಒಬ್ಳೇ ಕಾಣ್ತೆ ಅಲ್ಲಾ?” ಎಂದಳು. ಬಾಯಿಯಿಂದ ರಕ್ತ ಇಳಿಯುತ್ತಿತ್ತು. “ಸಮಾ ನೋಡ್ಕೊ. ಡಾಕ್ಟ್ರಮ್ಮ ಎಂತ ಹೇಳಿದ್ದು ನೆನಪುಂಟಲ್ಲ ನಿಂಗೆ.”

ದಾಸನ ಎತ್ತಿದ ಕೈ ಮೇಲೇ ನಿಂತಿತು. ಆಮೇಲೆ ಅದು ತಾನಾಗಿ ಇಳಿದು ಎಡಗಣ್ಣನ್ನು ಮುಚ್ಚಿಕೊಂಡಿತು. ಅವನು ಹಾಗೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬೇಲಿ ದಾಟಿದ. ನೋಡುತ್ತಿದ್ದವರು ದಾರಿ ಬಿಟ್ಟರು. ಆವತ್ತು ಯಾರ ಬಾಯಿಯಿಂದಲೂ ಗಾದೆ ಬರಲಿಲ್ಲ.

ಅವನು ಒಳ್ಳೆಯವನಾದ ಎಂದು ನಾನು ಹೇಳುತ್ತಿಲ್ಲ. ಬಾಯಿ ಹಾಗೇ ಇದೆ, ಕುಡಿತವೂ ಇದೆ. ಈಗ ಮತ್ತೆ ಮುಳುಗುತ್ತಾನೆ. ವಿನೋದ ಮೇಲೆ ದೋಣಿಯಲ್ಲಿ ಹಗ್ಗ ಹಿಡಿದು ಕೂರುತ್ತಾನೆ, ಉಳಿದ ಬೆರಳುಗಳಲ್ಲಿ. ಮನೆಯಲ್ಲಿ ನಾಗಿಯ ಮೇಲೆ ಕೈ ಎತ್ತಿದ ಸದ್ದು ಆಮೇಲೆ ನನಗೆ ಕೇಳಿಲ್ಲ. ಅವಳ ಬಾಗಿಲ ಸಂದಿಯಲ್ಲಿ ಸುಲಿದ ಕಾಯಿ ಯಾವಾಗಲೂ ಒಂದು ಇರುತ್ತದೆ, ಹಳೆಯದಾದರೆ ಬದಲಾಯಿಸುತ್ತಾಳೆ. ಸಾರಿಗೆ ಬೇಕಾದರೆ ಅಂಗಡಿಯಿಂದ ಬೇರೆ ತರುತ್ತಾಳೆ.